ಮೌಲಾ ಸಾಬನ ಕಪ್ಪೆ

ಇಮಾಂಬೀಯ ಮನೆಯಲ್ಲಿ ಸವೆದ ಹವಾಯಿ ಚಪ್ಪಲಿ ತಿಪ್ಪೆಗೆ ಹೋಗುತ್ತಿರಲಿಲ್ಲ, ಕೆರೆಗೆ ಹೋಗುತ್ತಿತ್ತು. ಹಿಮ್ಮಡಿ ತೂತು ಬಿದ್ದ ಚಪ್ಪಲಿಯನ್ನು ಅವಳು ಬಿಸಿನೀರಲ್ಲಿ ತಿಕ್ಕಿ ತೊಳೆದು, ಒಣಗಿಸಿ, ಈಳಿಗೆಯ ಮುಂದೆ ಕೂತು ಕಪ್ಪೆ ಕೆತ್ತುತ್ತಿದ್ದಳು. ಚಪ್ಪಲಿಯ ಮೇಲಿನ ಬಿಳಿ ರಬ್ಬರು ಕಪ್ಪೆಯ ಹೊಟ್ಟೆ, ಕೆಳಗಿನ ನೀಲಿ ಅದರ ಬೆನ್ನು. ಹಿಂಗಾಲಿಗೆ ಹಳೆಯ ಜಡೆಕುಚ್ಚಿನ ಎಳೆ. ಜೋಡಿ ಗಾಳದ ಮೊನೆ ಎರಡೂ ಕಪ್ಪೆಯ ಬೆನ್ನಿಗೆ ಒತ್ತಿಕೊಂಡು ಮಲಗಿರಬೇಕು. ಹಾಗಿದ್ದರೆ ಕೆರೆಯ ಕಳೆ, ತಾವರೆ ಎಲೆ ಯಾವುದರ ಮೇಲೆ ಎಳೆದರೂ ಸಿಕ್ಕಿಕೊಳ್ಳುವುದಿಲ್ಲ. ಮೀನು ಬಾಯಿ ಮುಚ್ಚಿದಾಗ ಮಾತ್ರ ರಬ್ಬರು ತಗ್ಗಿ ಮೊನೆ ಹೊರಗೆ ಬರುತ್ತದೆ.

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ದಾರಿಯ ಬಾತಿ ಕೆರೆಯಲ್ಲಿ ಗಾಳ ಹಾಕುವವರೆಲ್ಲ ಈ ಕಪ್ಪೆಯನ್ನು ಬಲ್ಲರು. ಅಲ್ಲಿ ಅದಕ್ಕೆ ‘ಮೌಲಾ ಸಾಬನ ಕಪ್ಪೆ’ ಎಂದು ಹೆಸರು. ಮೌಲಾ ಸಾಬ್ ಇಮಾಂಬೀಯ ಗಂಡ. ಆ ಮಹಾರಾಯ ಜನ್ಮದಲ್ಲಿ ಒಂದೇ ಒಂದು ಕಪ್ಪೆ ಕೆತ್ತಿದವನಲ್ಲ.

ಅವನು ಸುಳ್ಳು ಹೇಳಿದ ಎನ್ನುವಂತೆಯೂ ಇಲ್ಲ. ಯಾರೋ, “ಏನ್ ಕೈರೀ ಸಾಬ್ರ ನಿಮ್ದು!” ಅಂದರು. ಇವನು ಮೀಸೆಯ ಮೇಲೆ ಕೈಯಾಡಿಸಿ, “ಎಲ್ಲಾ ಮ್ಯಾಲಿನವನ ದಯೆ” ಅಂದ. ಅಷ್ಟೇ. ಮೇಲಿನವನ ಹೆಸರು ಹೇಳಿದನೇ ಹೊರತು ಮನೆಯವಳ ಹೆಸರು ಬಾಯಿಗೆ ಬರಲಿಲ್ಲ. ಹೀಗೆ ಮೀಸೆ ತೀಡುತ್ತಲೇ ವರ್ಷಗಳು ಕಳೆದವು.

ಕಪ್ಪೆ ಹುಟ್ಟಿದ್ದು ಒಂದು ಜಗಳದಲ್ಲಿ. ಇಮಾಂಬೀಯ ತವರು ಹರಿಹರದ ಪಕ್ಕದ ಗುತ್ತೂರು. ಅವಳ ಅಜ್ಜಿ ಖತೀಜಾಬೀ ತುಂಗಭದ್ರೆಯ ದಡದಲ್ಲಿ ಬಿದಿರುಕೋಲು ಹಿಡಿದು ಕೂತರೆ ಸಂಜೆಯ ಸಾರಿಗೆ ಮೀನಿಲ್ಲದೆ ಎದ್ದವಳಲ್ಲ. ಮೊಮ್ಮಗಳಿಗೆ ಗಾಳ ಕಟ್ಟುವುದು, ನೀರು ನೋಡುವುದು, ಬಾಯಿ ಮುಚ್ಚಿ ಕೂರುವುದು ಎಲ್ಲ ಕಲಿಸಿದಳು. ಜೊತೆಗೆ ಒಂದು ಮಾತನ್ನೂ ಹೇಳಿದಳು: “ಕಪ್ಪೇನ ಕೊಲ್ಲಬ್ಯಾಡ ಬೇಟಿ. ಅದು ವಟವಟ ಅನ್ನೋದಲ್ಲ, ದೇವರ ಹೆಸರು ಹೇಳ್ತೈತೆ. ಹೆಸರು ಹೇಳೋ ಬಾಯಿಗೆ ಗಾಳ ಚುಚ್ಚಬಾರ್ದು.”

ಮದುವೆಯಾಗಿ ದಾವಣಗೆರೆಗೆ ಬಂದ ಮೊದಲ ಮಳೆಗಾಲದಲ್ಲೇ ಗಂಡ ಒಂದು ಗಡಿಗೆಯ ತುಂಬ ಜೀವಂತ ಕಪ್ಪೆ ಹಿಡಿದು ತಂದಿಟ್ಟ. ಅವನಿಗೆ ಪಿ.ಜೆ. ಬಡಾವಣೆಯ ಮೂಲೆಯಲ್ಲಿ ಸ್ಟೋವ್ ರಿಪೇರಿಯ ಅಂಗಡಿ. ಶುಕ್ರವಾರ ಬಂತೆಂದರೆ ಮನಸ್ಸೆಲ್ಲ ಕೆರೆಯ ಮೇಲೆ. ಕೆರೆಯ ರಾಜ ಎಂದರೆ ಮರಲ್ ಮೀನು, ಹಾವಿನ ತಲೆಯ, ಕೋಪಿಷ್ಠ ಮೀನು. ಅದಕ್ಕೆ ಕಪ್ಪೆ ಎಂದರೆ ಪ್ರಾಣ. ಅವನು ನಮಾಜಿಗೆ ಹೋಗಿ ಬರುವಷ್ಟರಲ್ಲಿ ಹೊಸ ಹೆಂಡತಿ ಗಡಿಗೆಯನ್ನು ಚರಂಡಿಗೆ ಬಗ್ಗಿಸಿದ್ದಳು. ಕಪ್ಪೆಗಳು ಓಣಿಯ ತುಂಬ ಕುಪ್ಪಳಿಸುತ್ತಿದ್ದವು.

“ಈಗ ಮೀನಿಗೆ ಏನ್ ಹಾಕ್ಲಿ, ನಿಮ್ಮಪ್ಪನ ತಲೆ ಹಾಕ್ಲೇನು?” ಎಂದು ಮೌಲಾ ಸಾಬ್ ಕೂಗಾಡಿದ.

ಇಮಾಂಬೀ ಸುತ್ತ ನೋಡಿದಳು. ಹೊಸ್ತಿಲ ಬಳಿ ಅವನ ಹವಾಯಿ ಚಪ್ಪಲಿ ಇತ್ತು. ಕೊಂಡು ಇನ್ನೂ ವಾರವಾಗಿರಲಿಲ್ಲ. ಎಡಗಾಲಿನದನ್ನು ಎತ್ತಿಕೊಂಡು ಅವನ ಕಣ್ಣೆದುರಿಗೇ ಈಳಿಗೆಗೆ ಕೊಟ್ಟಳು. ಅವನದೇ ಸ್ಟೋವ್ ಪಿನ್ನು ಕಾಸಿ ತೂತು ಹಾಕಿದಳು. ಮುಗಿದ ಮೇಲೆ ಅವನ ಅಂಗೈಗೆ ಇಟ್ಟು, “ಇದನ್ನ ಹಾಕ್ರಿ” ಅಂದಳು.

ಅವಳ ಸೊಕ್ಕು ಮುರಿಯಲೆಂದೇ ಅವನು ಅದನ್ನು ಒಯ್ದ. ಸಂಜೆ ಎರಡು ಮರಲ್ ಹಿಡಿದುಕೊಂಡು ಬರಿಗಾಲಲ್ಲಿ ಬಂದ. ಅವತ್ತು ಸಾರು ಮೂರು ಸಲ ಹಾಕಿಸಿಕೊಂಡ.

ಆಮೇಲೆ ಯಾವ ನೀರಿಗೆ ಯಾವ ಕಪ್ಪೆ ಎಂದು ನಿಶ್ಚಯಿಸುವವಳು ಅವಳೇ ಆದಳು. ಅವಳು ಬಾತಿ ಕೆರೆಯ ಏರಿ ಹತ್ತಿದವಳಲ್ಲ. ಗಂಡ ಬಂದ ಮೇಲೆ ಅವನ ಪೈಜಾಮದ ಕೆಸರು ನೋಡುವಳು, ಕಪ್ಪೆಗೆ ಅಂಟಿದ ಪಾಚಿ ನೋಡುವಳು. ನೀರು ತಿಳಿಯಾಗಿದ್ದರೆ ಬಿಳಿ ಹೊಟ್ಟೆ. ಹೊಸ ಮಳೆ ಬಂದು ಕೆಂಪು ನೀರು ಇಳಿದಿದ್ದರೆ ಕರಿ ಹೊಟ್ಟೆ. ಅದಕ್ಕೆ ಚಪ್ಪಲಿಯ ಕಪ್ಪೆಗೇ ಸೈಕಲ್ ಟ್ಯೂಬಿನ ಅಂಗಿ ತೊಡಿಸುತ್ತಿದ್ದಳು. ಬೆನ್ನಿನ ಬಣ್ಣದ ಗೊಡವೆಗೇ ಅವಳು ಹೋಗಲಿಲ್ಲ. ಮೀನು ಇರುವುದು ಕೆಳಗೆ, ಅದು ನೋಡುವುದು ಹೊಟ್ಟೆಯನ್ನು. ಬೆನ್ನು ನೋಡುವುದು ಏರಿಯ ಮೇಲೆ ನಿಂತ ಗಂಡಸರು.

ಇನ್ನೊಂದು ವಿಷಯವನ್ನೂ ಅವಳು ಮನೆಯಲ್ಲೇ ಕೂತು ಕಂಡುಹಿಡಿದಳು. ವಾಪಸು ಬಂದ ಕಪ್ಪೆಗಳ ಮೇಲೆ ಹಲ್ಲಿನ ಗುರುತು ಇರುತ್ತಿತ್ತು, ಆದರೆ ಬಹಳ ಸಲ ಹಿಂಗಾಲಿನಲ್ಲಿ ಮಾತ್ರ. ಎಂದರೆ ಮೀನು ಬಂದು ಹಿಡಿದಿದೆ, ಒಳಗೆ ಎಳೆದುಕೊಳ್ಳುವ ಮೊದಲೇ ಈ ಪುಣ್ಯಾತ್ಮ ಕೋಲು ಕಿತ್ತಿದ್ದಾನೆ. ಕೈಗೆ ಬಂದ ತುತ್ತು ಬಾಯಿಗೆ ಬಂದಿಲ್ಲ.

“ನೀರು ಸಿಡಿದ ಕೂಡ್ಲೇ ಎಳೀಬ್ಯಾಡ್ರಿ” ಎಂದು ಎಷ್ಟು ಸಲ ಹೇಳಿದಳೋ. “ಸಮಾಧಾನದಾಗ ಒಂದು ಬಿಸ್ಮಿಲ್ಲಾ ಹೇಳ್ರಿ, ಆಮೇಲೆ ಎಳೀರಿ.”

“ನೀ ಏನ್ ಕೆರೆ ನೋಡೀಯೇನು?” ಎನ್ನುವುದೇ ಅವನ ಉತ್ತರ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಇವನನ್ನು ನೋಡಿಯೇ ಹೇಳಿದ್ದಿರಬೇಕು. ಆದರೂ ಉಳಿದವರಿಗಿಂತ ಅವನಿಗೇ ಮೀನು ಹೆಚ್ಚು ಬೀಳುತ್ತಿತ್ತು, ಕಪ್ಪೆ ಅಂಥದ್ದು. ಕೆರೆಯ ತೂಬಿನ ಪಕ್ಕದ ಚಪ್ಪಡಿ ಕಲ್ಲು ಅವನ ಜಾಗವೆಂದು ಗೊತ್ತಾಯಿತು. ಅದರ ಮುಂದೆಯೇ ತಾವರೆ ಬಳ್ಳಿ, ಅದರಡಿಯಲ್ಲೇ ಮರಲ್.

ಎಂಬತ್ತೊಂದನೇ ಇಸವಿಯ ಚಳಿಗಾಲದಲ್ಲಿ ಮೌಲಾ ಸಾಬನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಬಲಗಾಲೂ ಸೋತಿತು. ನಾಲಿಗೆ ಮಾತ್ರ ಸರಿಯಾಗಿತ್ತು. ಅಂಗಡಿಗೆ ಬೀಗ ಬಿತ್ತು, ಇಮಾಂಬೀ ಮಂಡಕ್ಕಿ ಭಟ್ಟಿಯ ಕೆಲಸಕ್ಕೆ ಹೊರಟಳು. ದಿನವಿಡೀ ಬಿಸಿ ಮರಳಿನ ಮುಂದೆ ನಿಂತು ಬರುವವಳಿಗೆ ಯಾರೂ ‘ಗಂಡಸರ ಕೆಲಸ ಯಾಕೆ’ ಎಂದು ಕೇಳಲಿಲ್ಲ. ದುಡಿಮೆಯ ವಿಷಯದಲ್ಲಿ ನಮ್ಮ ಜನ ಬಹಳ ಉದಾರಿಗಳು.

ಮುಂದಿನ ಮಳೆಗಾಲ ಹತ್ತಿರ ಬಂದಾಗ ಗಾಳದವರು ಒಬ್ಬೊಬ್ಬರೇ ಮೌಲಾ ಸಾಬನ ಮಂಚದ ಬಳಿ ಬಂದು ಕಪ್ಪೆ ಮಾಡುವ ಗುಟ್ಟು ಕೇಳಿದರು. ಗೊತ್ತಿಲ್ಲ ಎನ್ನಲು ಅವನ ಮೀಸೆ ಬಿಡಲಿಲ್ಲ. “ಹಸಿರು ಪೇಂಟ್ ಹೊಡೀರಿ, ಬೆನ್ನ ಮ್ಯಾಲೆ ಪಟ್ಟೆ ಎಳೀರಿ” ಎಂದು ಬಾಯಿಗೆ ಬಂದದ್ದು ಹೇಳಿದ. ಅವರು ಹಾಗೇ ಮಾಡಿದರು. ಎಂಥ ಚೆಂದದ ಕಪ್ಪೆಗಳೆಂದರೆ ಕೆರೆಯ ಕಪ್ಪೆಗಳು ಸಂಬಂಧ ಕೇಳಿಕೊಂಡು ಬರಬಹುದಿತ್ತು. ಮೀನು ಮಾತ್ರ ಮೂಸಿಯೂ ನೋಡಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಹಾಗೆ ಇವನು ಗಾಳದ ಮೇಲೆ ತಪ್ಪು ಹೊರಿಸಿದ. ಒಳಗೆ ರೊಟ್ಟಿ ಬಡಿಯುತ್ತಿದ್ದ ಇಮಾಂಬೀಗೆ ನಗುವೂ ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಮೌಲಾ ಸಾಬನ ತಮ್ಮ ರೌಫ್‌ಗೆ ಮಾತ್ರ ಸತ್ಯ ಗೊತ್ತಿತ್ತು. ಅಣ್ಣನ ಕಲ್ಲು ಇನ್ನು ತನ್ನದೆಂದು ಏರಿಯ ಮೇಲಿನವರನ್ನು ಅವನು ಆಗಲೇ ಒಪ್ಪಿಸಿ ಬಂದಿದ್ದ. ಅಡುಗೆಮನೆಯ ಬಾಗಿಲಿಗೆ ಬಂದು ಮೆಲ್ಲಗೆ, “ಭಾಬೀ, ಒಂದು ನಾಲ್ಕು ಕಪ್ಪೆ ಮಾಡಿಕೊಡ್ರಿ” ಅಂದ.

“ಮಾಡ್ತೀನಿ. ಆದ್ರ ಆ ಕಲ್ಲಿನ ಮ್ಯಾಲೆ ಕುಂತು ನಾನೇ ಗಾಳ ಹಾಕ್ತೀನಿ.”

“ಏನ್ ಭಾಬೀ, ಹೆಂಗ್ಸರು ಎಲ್ಲಾದ್ರೂ...”

“ಕಪ್ಪೆ ಬೇಕು, ಕಪ್ಪೆ ಮಾಡೋಳು ಬ್ಯಾಡ. ಹೌದಲ್ಲ?” ಎಂದು ಇಮಾಂಬೀ ಲಟ್ಟಣಿಗೆ ಕೆಳಗಿಟ್ಟಳು. “ಹೋಗಪ್ಪಾ, ಹಸಿರು ಪೇಂಟ್ ಹೊಡಿ ಹೋಗು.”

ಅವಳಿಗೆ ಬೇಕಾಗಿದ್ದದ್ದು ಇಷ್ಟೇ: ತಾನು ಕೆತ್ತಿದ ಕಪ್ಪೆಯನ್ನು ತನ್ನ ಕೈಯಿಂದಲೇ ನೀರಿಗೆ ಬಿಡಬೇಕು, ಇದು ಇಮಾಂಬೀಯದು ಎಂದು ಜನ ಅನ್ನಬೇಕು. ಇಷ್ಟು ವರ್ಷ ಹಲ್ಲಿನ ಗುರುತಿನಲ್ಲೇ ಕೆರೆಯನ್ನು ಓದಿದವಳು ಒಂದು ಸಲ ಕಣ್ಣಾರೆ ನೋಡಬೇಕು. ಇದರಲ್ಲಿ ದೊಡ್ಡಾಸೆ ಏನಿದೆಯೋ ನನಗಂತೂ ತಿಳಿಯದು.

ಮುಂದಿನ ಶುಕ್ರವಾರ ಅವಳು ಗಂಡನ ಬಿದಿರುಕೋಲು ಹೆಗಲಿಗಿಟ್ಟು ಬಾತಿ ಕೆರೆಗೆ ಹೋದಳು. ಏರಿಯ ಮೇಲೆ ಸಣ್ಣಬೀರಪ್ಪ ಅಡ್ಡ ನಿಂತ. ಗಿರಣಿಯಿಂದ ನಿವೃತ್ತನಾದವನು, ಗಾಳದವರಿಗೆಲ್ಲ ಹಿರಿಯ. ಅವನ ಮಾತೆಂದರೆ ಅಲ್ಲಿ ಕಾನೂನು.

“ಬ್ಯಾಡ ತಂಗೀ. ಹೆಣ್ಣು ಗಾಳ ಹಾಕಿದ್ರ ಕೆರೆ ಬತ್ತತೈತೆ.”

“ಅಲ್ಲಿ ನೋಡ್ರಿ ಬೀರಪ್ಪಣ್ಣ” ಎಂದು ಅವಳು ಆಚೆ ದಡ ತೋರಿಸಿದಳು. ಹೆಂಗಸರು ಬಟ್ಟೆ ಒಗೆಯುತ್ತಿದ್ದರು. “ನಿಮ್ಮ ಅಂಗಿ ಒಗದ್ರ ಬತ್ತಂಗಿಲ್ಲ, ನಾ ಗಾಳ ಹಾಕಿದ್ರ ಬತ್ತತೈತೇನು? ಭಾಳ ತಿಳುವಳಿಕಿ ಇರೋ ಕೆರೆ ಬಿಡ್ರಿ ಇದು.”

ಅವಳು ಹೋಗಿ ಕಲ್ಲಿನ ಮೇಲೆ ಕೂತಳು. ಉತ್ತರ ಹೊಳೆಯದ ಗಂಡಸರು ಕಲ್ಲು ಎತ್ತಿಕೊಂಡರು. ಅವಳು ಕಪ್ಪೆ ಬಿಟ್ಟಲ್ಲೆಲ್ಲ ನೀರಿಗೆ ಕಲ್ಲು ಬಿತ್ತು. ಒಂದೂ ಮೀನು ಹತ್ತಿರ ಸುಳಿಯಲಿಲ್ಲ. ರೌಫ್ ಕಲ್ಲು ಎಸೆಯಲಿಲ್ಲ, ತಡೆಯಲೂ ಇಲ್ಲ. ಸಂಜೆಯವರೆಗೂ ಕೂತಿದ್ದು ಅವಳು ಬರಿಗೈಲಿ ಎದ್ದಳು.

ಅಷ್ಟು ಹೊತ್ತಿಗೆ ಸುದ್ದಿ ಮನೆ ಮುಟ್ಟಿತ್ತು. “ಊರಾಗ ನಾ ಮುಖ ಎತ್ತದಂಗ ಮಾಡಿದಿ” ಎಂದು ಮೌಲಾ ಸಾಬ್ ಗೋಡೆಯ ಕಡೆ ತಿರುಗಿ ಮಲಗಿದ.

“ಮುಖ ಆಮೇಲೆ ಎತ್ತೀರಂತೆ. ಮೊದ್ಲು ಕೈ ಎತ್ತಾಕ ನೋಡ್ರಿ, ಡಾಕ್ಟ್ರು ದಿನಾ ಹೇಳ್ತಾರ” ಅಂದಳು ಇಮಾಂಬೀ. ಅಂದ ಮೇಲೆ ಅವಳಿಗೂ ನೋವಾಯಿತು. ಅವನ ಸತ್ತ ಕೈಗೆ ಎಂದಿನಂತೆ ಎಣ್ಣೆ ತಿಕ್ಕಿದಳು. ಆದರೆ ಇನ್ನು ಕೆರೆಗೆ ಹೋಗುವುದಿಲ್ಲ ಎಂದು ಮಾತ್ರ ಹೇಳಲಿಲ್ಲ.

ಆ ವಾರ ದೊಡ್ಡ ಮಳೆ ಹೊಡೆಯಿತು. ಶುಕ್ರವಾರ ಬೆಳಿಗ್ಗೆ ಗುಡ್ಡದ ಕೆಂಪು ನೀರು ಕೆರೆಗೆ ಇಳಿದಿತ್ತು. ಇಮಾಂಬೀ ಟ್ಯೂಬಿನ ಅಂಗಿ ತೊಡಿಸಿದ ಕರಿ ಕಪ್ಪೆ ತೆಗೆದುಕೊಂಡು ಹೋಗಿ ಅದೇ ಕಲ್ಲಿನ ಮೇಲೆ ಕೂತಳು. ಈ ಸಲ ಯಾರೂ ಕಲ್ಲು ಎತ್ತಲಿಲ್ಲ. ಅವರು ಅದಕ್ಕಿಂತ ದೊಡ್ಡದನ್ನು ತರಿಸಿದ್ದರು. ರೌಫ್ ಸೈಕಲ್ ತಳ್ಳಿಕೊಂಡು ಏರಿ ಹತ್ತಿದ, ಹಿಂದಿನ ಕ್ಯಾರಿಯರ್ ಮೇಲೆ ಮೌಲಾ ಸಾಬ್ ಕೂತಿದ್ದ.

“ಏಳು ಮ್ಯಾಲೆ, ನಡಿ ಮನೀಗೆ” ಅಂದ ಮೌಲಾ ಸಾಬ್.

ಇಮಾಂಬೀ ತಿರುಗಿ ನೋಡಲಿಲ್ಲ. ಕಪ್ಪೆಯನ್ನು ಬೀಸಿ ತಾವರೆ ಎಲೆಯ ಮೇಲೆ ಬಿಟ್ಟಳು. ಅದು ಕೂತಿತು. ಅವಳೂ ಕೂತಳು. ಕಪ್ಪೆ ಬಿದ್ದ ಅಲೆ ಪೂರ್ತಿ ಅಡಗಿತು. ಎಲೆಯ ಅಂಚಿಗೆ ಒಂದಿಷ್ಟು ಎಳೆದು ಮತ್ತೆ ಬಿಟ್ಟಳು. ಆಮೇಲೆ ಮೆಲ್ಲಗೆ ನೀರಿಗೆ ಜಾರಿಸಿದಳು.

ಎಲೆಯ ಅಡಿಯಲ್ಲಿ ಕೆಂಪು ನೀರು ಉಬ್ಬಿತು, ಧಡಾರನೆ ಸಿಡಿಯಿತು. ಕಪ್ಪೆ ಕಾಣದಾಯಿತು.

“ಎಳಿ! ಎಳಿಯೇ!” ಮೌಲಾ ಸಾಬ್ ಸೈಕಲ್ ಮೇಲಿಂದಲೇ ಕಿರುಚಿದ. ಬೈಯಲು ಬಂದದ್ದು ಮರೆತೇಹೋಗಿತ್ತು. ಎಡಗೈಯಲ್ಲಿ ಇಲ್ಲದ ಕೋಲನ್ನು ಕಿತ್ತುಬಿಟ್ಟಿದ್ದ. ಏರಿಯ ಮೇಲಿದ್ದವರೆಲ್ಲ ಕೂಗಿದರು, “ಎಳಿ, ಎಳಿ!”

ಇಮಾಂಬೀ ಎಳೆಯಲಿಲ್ಲ. ತುಟಿ ಮಾತ್ರ ಅಲ್ಲಾಡಿತು. ಬಿಸ್ಮಿಲ್ಲಾ ಎಂದು ಒಂದಕ್ಷರವೂ ನುಂಗದೆ ಪೂರ್ತಿ ಹೇಳಿದಳು. ದಾರ ತಾನಾಗಿ ಬಿಗಿಯಿತು. ಆಗ ಎರಡೂ ಕೈಯಿಂದ ಕೋಲೆತ್ತಿದಳು. ಬಿದಿರು ಬಿಲ್ಲಿನಂತೆ ಬಾಗಿತು. ಮೀನು ಬಳ್ಳಿಯೊಳಗೆ ನುಗ್ಗಲು ನೋಡಿತು, ಅವಳು ಬಿಡಲಿಲ್ಲ. ಭಟ್ಟಿಯಲ್ಲಿ ಕಬ್ಬಿಣದ ಬಾಣಲೆ ಎಳೆದ ತೋಳುಗಳು ಅವು. ಕೊನೆಗೆ ಮೊಣಕೈಯುದ್ದದ ಮರಲ್ ಏರಿಯ ಹುಲ್ಲಿನ ಮೇಲೆ ಬಂದು ಬಿದ್ದು ಹೊರಳಾಡಿತು. ಕಪ್ಪೆ ಅದರ ಗಂಟಲಲ್ಲಿತ್ತು.

ಸಣ್ಣಬೀರಪ್ಪ ಹತ್ತಿರ ಬಂದು ಬಗ್ಗಿ ನೋಡಿದ. “ಹೊಸಾ ಕರಿ ಕಪ್ಪೆ! ಕೈ ಬಿದ್ದ ಮ್ಯಾಲೆ ಇದನ್ನ ಯಾವಾಗ ಮಾಡಿದ್ಯೋ ಮೌಲಾ?”

“ಅವರು ಮಾಡಿಲ್ಲ ಬೀರಪ್ಪಣ್ಣ. ನಾ ಮಾಡಿದ್ದು” ಅಂದಳು ಇಮಾಂಬೀ. “ಇದೂ ನಂದ, ಹಿಂದಿನವೂ ನಂದ. ನಂಬಿಕಿ ಇಲ್ಲಂದ್ರ ಅವರನ್ನ ಕೇಳ್ರಿ.”

ಎಲ್ಲರೂ ಸೈಕಲ್ ಕಡೆ ತಿರುಗಿದರು. ರೌಫ್ ಹ್ಯಾಂಡಲ್ ನೋಡುತ್ತ ನಿಂತ. ಇಮಾಂಬೀ ಗಂಡನ ಸಹಾಯಕ್ಕೆ ಬರಲಿಲ್ಲ. ಮೀನಿಗೆ ಕಾದವಳಿಗೆ ಇದು ಯಾವ ಲೆಕ್ಕ, ಕಾದಳು.

ಮೌಲಾ ಸಾಬ್ ಮೀನನ್ನು ನೋಡಿದ, ತೊಡೆಯ ಮೇಲೆ ಬಿದ್ದಿದ್ದ ಬಲಗೈ ನೋಡಿದ. ಅವನ ಎಡಗೈ ಮೀಸೆಯ ಕಡೆ ಹೋಗಿ ಅರ್ಧಕ್ಕೇ ನಿಂತಿತು.

“ಚಪ್ಪಲಿ ನಂದು” ಅಂದ. ಎಡಗೈ ಕೆಳಗಿಳಿಸಿ, “ಕಪ್ಪೆ ಆಕೀದು” ಅಂದ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಮೊದಲು ಸಣ್ಣಬೀರಪ್ಪನೇ ನಕ್ಕ, ಆಮೇಲೆ ಏರಿಯೇ ನಕ್ಕಿತು. ರೌಫ್ ಇದೇ ಸಮಯವೆಂದು, “ಭಾಬೀ, ಹಂಗಾದ್ರ ನನಗೊಂದು...” ಎಂದು ಬಾಯಿ ತೆಗೆದ. ಇಮಾಂಬೀ ಅವನ ಕಾಲು ನೋಡಿದಳು. ಹೊಸ ಹವಾಯಿ.

“ಬಿಚ್ಚು. ಎಡಗಾಲಿಂದು” ಅಂದಳು.

ಮೌಲಾ ಸಾಬ್ ಮೆಲ್ಲಗೆ ಸೈಕಲ್ ಇಳಿದು, ಕಾಲೆಳೆಯುತ್ತ ತೂಬಿನ ಬಳಿ ಬಂದ. ಅವನ ಹಳೆಯ ಕಲ್ಲು, ಹಳೆಯ ನೀರು. “ಒಂಚೂರು ಸರಿ” ಅಂದ.

ಇಮಾಂಬೀ ಸರಿಯಲಿಲ್ಲ. ಪಕ್ಕದ ಹುಲ್ಲನ್ನು ಕೈಯಿಂದ ಸವರಿ ಅವನಿಗೆ ಜಾಗ ತೋರಿಸಿದಳು. ತೋಳು ಹಿಡಿದು ಅವನನ್ನು ಜೋಪಾನವಾಗಿ ಕೂರಿಸಿದಳು.

“ಇಲ್ಲಿ ಕುಂದ್ರಿ. ಆದ್ರ ‘ಎಳಿ’ ಅಂದ್ರ ನೋಡ್ರಿ, ಮನೀಗೆ ಕಳಸ್ತೀನಿ.”

ಮೌಲಾ ಸಾಬ್ ಬಾಯಿ ಮುಚ್ಚಿಕೊಂಡು ಕೂತ. ಅವಳು ಮೀನಿನ ಗಂಟಲಿಂದ ಬಿಡಿಸಿದ ಕಪ್ಪೆಯನ್ನು ಸೆರಗಿನಲ್ಲಿ ಒರೆಸಿ, ಮತ್ತೆ ನೀರಿಗೆ ಬೀಸಿದಳು.