ಗಾಳಿಯ ಮುಯ್ಯಿ

ಹಗರಿಬೊಮ್ಮನಹಳ್ಳಿಯಿಂದ ಹಡಗಲಿಗೆ ಆಷಾಢದಲ್ಲಿ ಸೈಕಲ್ ಹೊಡೆದವರಿಗೆ ಗಾಳಿ ಅಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಪಡುವಣದಿಂದ ನುಗ್ಗಿ ಬಂದು ಎದೆಗೆ ಕೈಯಿಟ್ಟು ಹಿಂದಕ್ಕೆ ದಬ್ಬುತ್ತದೆ. ಗುಡ್ಡದ ಮೇಲೆ ಕಂಪನಿಯವರು ನಿಲ್ಲಿಸಿರುವ ಫ್ಯಾನುಗಳು ಆ ದಿನಗಳಲ್ಲಿ ಪುರುಸೊತ್ತಿಲ್ಲದೆ ತಿರುಗುತ್ತವೆ. ಅದರಿಂದ ಯಾರಿಗೋ ಕರೆಂಟು, ಸೈಕಲ್ಲಿನವರಿಗೆ ಬರೀ ಉಬ್ಬಸ. ಅಂಥ ಗಾಳಿಯ ಒಂದು ಭಾನುವಾರ ಬೆಳಿಗ್ಗೆ ಮುಸರತ ತನ್ನ ಗಂಡ ತೌಸೀಫನ ಗೂಡ್ಸ್ ಆಟೋದಲ್ಲಿ ಅವನ ಪಕ್ಕ ಒತ್ತರಿಸಿಕೊಂಡು ಕುಳಿತಿದ್ದಳು. ಮುಂದೆ ಡಾಂಬರು ರಸ್ತೆಯ ಮೇಲೆ ಹುಡುಗಿಯರ ಸೈಕಲ್ಲುಗಳು. ಅವರೊಳಗೆ ಒಬ್ಬಳು ಅವಳ ಮಗಳು ಗುಲಫಶಾ.

ಜಿಲ್ಲೆಯ ತಂಡಕ್ಕೆ ನಾಲ್ವರು ಹುಡುಗಿಯರನ್ನು ಆರಿಸುವ ರೇಸು ಅದು. ಆರಿಸಿಕೊಂಡರೆ ಹಾಸ್ಟೆಲ್ಲು, ಊಟ, ಓದು, ಒಳ್ಳೆಯ ಸೈಕಲ್ಲು, ಮುಂದೊಂದು ದಿನ ಕ್ರೀಡಾ ಕೋಟಾದಲ್ಲಿ ನೌಕರಿ ಸಿಗುವ ಆಸೆ. ಇಲ್ಲದಿದ್ದರೆ ಮಗಳು ಏನಾಗುತ್ತಾಳೆ ಎಂಬುದು ಮುಸರತಳಿಗೆ ಚೆನ್ನಾಗಿ ಗೊತ್ತಿತ್ತು. ತನ್ನಂತೆ ಆಗುತ್ತಾಳೆ. ಬಾಗಿಲ ಬಳಿ ಹೊಲಿಗೆ ಮಿಷನ್ನು, ಅದರ ಮೇಲೆ ಯಾರದೋ ಮದುವೆಯ ಬ್ಲೌಸು, ಅದರ ಆಚೆ ಕಾಣುವ ರಸ್ತೆಯಲ್ಲಿ ಬೇರೆಯವರ ಓಡಾಟ. ಹಾಗಾಗಬಾರದೆಂದೇ ಮಗಳನ್ನು ಸೈಕಲ್ ಹತ್ತಿಸಿದ್ದಳು. ತಂಡವನ್ನು ಆರಿಸುವ ಕೋಚು ಅರ್ಚನಾ ಎಂದು ತಿಳಿದ ದಿನ ಮುಸರತ ಹಿಗ್ಗಿ ಹೀರೇಕಾಯಿಯಾಗಿದ್ದಳು. ಅರ್ಚನಾ ಅವಳಿಗೆ ಒಂದು ರೇಸು ಕೊಡಬೇಕಿತ್ತು. ಇಷ್ಟು ವರ್ಷದ ಮೇಲಾದರೂ ಕೊಡುತ್ತಾಳೆ, ತನಗಲ್ಲದಿದ್ದರೂ ಮಗಳಿಗೆ ಕೊಡುತ್ತಾಳೆ ಎಂದು ನಂಬಿದ್ದಳು. ನಂಬುವುದರಲ್ಲಿ ಮುಸರತಳನ್ನು ಮೀರಿಸಿದವರು ನಮ್ಮ ತಾಲ್ಲೂಕಿನಲ್ಲಿಲ್ಲ.

ಮುಸರತಳ ತಂದೆ ಮಕ್ತುಂ ಸಾಬ್ ಹಗರಿಬೊಮ್ಮನಹಳ್ಳಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದವರು. ತಾಯಿ ಖಾಸಿಂ ಬೀ ಊರ ಹೊರಗಿನ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುತ್ತಿದ್ದಳು. ತೋಟ ಅರ್ಚನಾಳ ಅಪ್ಪ ಕೊಟ್ರಸ್ವಾಮಿಯದು. ಇಬ್ಬರು ಹುಡುಗಿಯರೂ ಒಂದೇ ಕ್ಲಾಸಿನವರು, ಒಂದೇ ಹುಚ್ಚಿನವರು. ಅರ್ಚನಾಳಿಗೆ ಅವಳಪ್ಪ ರೇಸ್ ಸೈಕಲ್ ಕೊಡಿಸಿದ. ಮಕ್ತುಂ ಸಾಬ್ ಮಗಳಿಗೆ ಗುಜರಿಯಿಂದ ಫ್ರೇಮು ತಂದು, ಬಾಗಿದ ಹ್ಯಾಂಡಲ್ಲು ಹೊಂದಿಸಿ, ಕೆಂಪು ಬಣ್ಣ ಬಳಿದು ಕೊಟ್ಟರು. ಸಾಬರ ಹುಡುಗಿ ಹೀಗೆ ರಸ್ತೆಗಿಳಿದಳೆಂದು ಯಾರಾದರೂ ಅಡ್ಡ ಹಾಕಿದರೇ ಅಂದರೆ ಅದೂ ಇಲ್ಲ. ಹಾಕಿದ್ದರೆ ಹೇಳಿಕೊಂಡು ಅಳುವುದಕ್ಕೆ ಒಂದು ಕಾರಣವಾದರೂ ಇರುತ್ತಿತ್ತು. ದುಪಟ್ಟಾ ಸೊಂಟಕ್ಕೆ ಬಿಗಿದು ಹೊರಟವಳಿಗೆ ಚಹಾ ಅಂಗಡಿಯವರು ಕೈ ಎತ್ತಿ ಹುರುಪು ತುಂಬುತ್ತಿದ್ದರು.

ಇಬ್ಬರೂ ಬೆಳಿಗ್ಗೆ ಹಡಗಲಿ ದಾರಿ ಹಿಡಿಯುತ್ತಿದ್ದರು. ಮೊದಲು ಅರಣ್ಯ ಇಲಾಖೆಯ ಕಾಡು, ಕಮರ, ಜಾಲಿ, ನೀಲಗಿರಿ ಮರಗಳು. ಅಲ್ಲಿ ಗಾಳಿ ಮರಗಳ ನೆತ್ತಿಯ ಮೇಲೇ ಹಾದುಹೋಗುತ್ತಿತ್ತು. ಕಾಡು ಮುಗಿದು ರಸ್ತೆ ಹಳ್ಳದ ಕಣಿವೆಗೆ ಇಳಿದರೆ ಎರಡೂ ಕಡೆ ದ್ರಾಕ್ಷಿ ತೋಟಗಳು. ಕಲ್ಲುಕಂಬಗಳ ನಡುವೆ ತಂತಿಗೆ ಹಬ್ಬಿದ ಬಳ್ಳಿಗಳ ಮೇಲಿಂದ ಗಾಳಿ ನೇರ ಮುಖಕ್ಕೇ ಬಡಿಯುತ್ತಿತ್ತು. ಅಲ್ಲಿ ಒಬ್ಬಳು ಮುಂದೆ ಹೋಗಿ ಗಾಳಿ ಒಡೆಯಬೇಕು. ಅವಳ ಹಿಂದಿನ ಗಾಲಿಗೆ ಗೇಣು ಅಂತರದಲ್ಲಿ ಅಂಟಿಕೊಂಡವಳಿಗೆ ಗಾಳಿ ಅಷ್ಟಾಗಿ ತಾಗುವುದಿಲ್ಲ. ಮುಂದಿನವಳ ಕಸುವು ಸೋರಿಹೋಗುತ್ತದೆ, ಹಿಂದಿನವಳದು ಉಳಿಯುತ್ತದೆ. ಇದಕ್ಕೆ ಅವರು ಬೆನ್ನು ಹಿಡಿಯುವುದು ಅನ್ನುತ್ತಿದ್ದರು. ಒಂದಿಷ್ಟು ದೂರ ಇವಳು, ಒಂದಿಷ್ಟು ದೂರ ಅವಳು, ಹೀಗೆ ಸರದಿಯ ಮೇಲೆ ಹಡಗಲಿ ಮುಟ್ಟಿ ಬರುತ್ತಿದ್ದರು.

ಆ ತೋಟಗಳಲ್ಲಿ ವರ್ಷಕ್ಕೆ ಎರಡು ಸಲ ಬಳ್ಳಿ ಕತ್ತರಿಸುವ ಕೆಲಸ. ಅದಕ್ಕೆ ಚಾಟ್ನಿ ಅನ್ನುತ್ತಾರೆ. ಎಲ್ಲರ ತೋಟದಲ್ಲೂ ಒಟ್ಟಿಗೇ ಬರುವ ಕೆಲಸವಾದ್ದರಿಂದ ಆಳು ಸಿಗುವುದಿಲ್ಲ. ಆಗ ತೋಟದವರು ಮುಯ್ಯಾಳು ಮಾಡಿಕೊಳ್ಳುತ್ತಾರೆ. ಇವತ್ತು ಇವರ ಮನೆಮಂದಿ ಅವರ ತೋಟಕ್ಕೆ, ನಾಳೆ ಅವರ ಮನೆಮಂದಿ ಇವರ ತೋಟಕ್ಕೆ. ಬರೆದಿಡುವವರಿಲ್ಲ, ಮರೆಯುವವರೂ ಇಲ್ಲ. ಮುಯ್ಯಿ ತಪ್ಪಿಸಿದವನ ಮನೆಯ ಮದುವೆಗೆ ಹೋಗಲೂ ಜನ ಹಿಂದೆಮುಂದೆ ನೋಡುತ್ತಾರೆ. ಅದನ್ನು ನೋಡುತ್ತ ಬೆಳೆದ ಹುಡುಗಿಯರಿಗೆ ಸೈಕಲ್ಲಿಗೂ ಅದೇ ನ್ಯಾಯ ಸಾಕೆನ್ನಿಸಿತು.

ರಾಜ್ಯದ ತಂಡಕ್ಕೆ ಈ ಭಾಗದಿಂದ ಒಬ್ಬಳನ್ನೇ ಆರಿಸುತ್ತಾರೆಂದು ಗೊತ್ತಾದಾಗ, ರೇಸಿನ ಹಿಂದಿನ ದಿನ ಕಾಡಿನ ನೆರಳಲ್ಲಿ ಸೈಕಲ್ ನಿಲ್ಲಿಸಿ ಅರ್ಚನಾ ಮಾತು ತೆಗೆದಳು. "ಲೇ ಮುಸರತ, ನಾವಿಬ್ರೂ ಹೊಡೆದಾಡಿದ್ರ ಮೂರನೇದಾಕಿ ಗೆಲ್ತಾಳ. ಈ ವರ್ಷ ನೀ ನನಗ ಗಾಳಿ ಒಡಿ, ಬರೋ ವರ್ಷ ನಾ ನಿನಗ ಒಡೀತೀನಿ. ಮುಯ್ಯಿ."

ಮುಸರತ ಆತು ಅಂದಳು. ಅಷ್ಟೇ. ಯಾಕೆ, ಏನು, ಮೊದಲು ನನ್ನ ಸರದಿ ಯಾಕಾಗಬಾರದು ಎಂದೇನೂ ಕೇಳಲಿಲ್ಲ.

ಮರುದಿನ ತೋಟಗಳ ಉದ್ದಕ್ಕೂ ಅವಳೇ ಮುಂದಿದ್ದಳು. ಹಡಗಲಿ ಕಾಣಿಸಿದಾಗ ಅವಳ ತೊಡೆಗಳು ಕಲ್ಲಾಗಿದ್ದವು. ಹಿಂದಿನಿಂದ ಅರ್ಚನಾ ಜಿಗಿದು ಪಕ್ಕದಲ್ಲಿ ಹಾದುಹೋದಳು, ಗೆದ್ದಳು. ಗೆರೆಯ ಹತ್ತಿರ ಕಾಯುತ್ತಿದ್ದ ಮಕ್ತುಂ ಸಾಬ್ ಎರಡನೆಯವಳಾಗಿ ಬಂದ ಮಗಳ ಬೆನ್ನು ಸವರಿ, ಕಾಲು ಸಾಲಲಿಲ್ಲ ಬೇಟಾ, ಪರವಾಗಿಲ್ಲ ಅಂದರು. ಮಗಳು ಬಾಯಿ ಬಿಡಲಿಲ್ಲ. ಮುಂದಿನ ವರ್ಷ ಗೆದ್ದಾಗ ಎಲ್ಲ ಹೇಳಿದರಾಯಿತು ಅಂದುಕೊಂಡಿದ್ದಳು. ತಂದೆ ತೀರಿಹೋಗುವ ತನಕ ಅವರ ಪಾಲಿಗೆ ಮಗಳ ಕಾಲು ಸಾಲದ ಕಾಲಾಗಿಯೇ ಉಳಿಯಿತು. ಈ ಒಂದು ವಿಷಯಕ್ಕೆ ಮುಸರತ ಇವತ್ತಿಗೂ ಒಬ್ಬಳೇ ಇದ್ದಾಗ ಅಳುತ್ತಾಳೆ.

ಮುಂದಿನ ವರ್ಷ ರೇಸಿನ ಹೊತ್ತಿಗೆ ಅರ್ಚನಾ ಎಲ್ಲೋ ದೂರದ ಕ್ಯಾಂಪಿನಲ್ಲಿದ್ದಳು. ಮುಸರತ ಅವರ ಮನೆಗೆ ಹೋಗಿ ವಿಚಾರಿಸಿದರೆ ಅರ್ಚನಾಳ ತಾಯಿ ನಾಗಲಿಂಗಮ್ಮ ಕೂರಿಸಿ ಚಹಾ ಕೊಟ್ಟು, ನಮ್ಮ ಹುಡುಗಿ ಬರೋದಿಲ್ಲವ್ವಾ, ಅಲ್ಲಿ ಬಿಡೋದಿಲ್ಲಂತ ಎಂದು ಹೇಳಿ, ಒಂದು ಚೀಲ ದ್ರಾಕ್ಷಿ ಕೈಗಿಟ್ಟು ಕಳಿಸಿದಳು. ಮುಸರತ ಒಬ್ಬಳೇ ಗಾಳಿಗೆ ಸಿಕ್ಕು ಎಲ್ಲರಿಗಿಂತ ಹಿಂದೆ ಬಂದಳು. ಆ ಸಂಜೆ ತಾಯಿಯ ಮುಂದೆ ಎಲ್ಲ ತೋಡಿಕೊಂಡಳು. ಮನೆಯಲ್ಲಿ ಉರ್ದು ಮಾತಾಡುವ ಖಾಸಿಂ ಬೀ ಆವತ್ತು ಅದ್ಯಾಕೋ ತೋಟದ ಕನ್ನಡದಲ್ಲೇ ಹೇಳಿದಳು.

"ಮುಯ್ಯಿ ಅನ್ನೋದು ತ್ವಾಟ ಇದ್ದೋರ ನಡುವಿನ ಮಾತು. ಆ ತ್ವಾಟಕ್ಕ ನಾ ಒಂದಿನನಾದ್ರೂ ಮುಯ್ಯಾಳಾಗಿ ಹೋಗೀನೇನು? ಕೂಲಿಗಿ ಹೋಗೀನಿ. ನೀನೂ ಕೂಲಿನ ಮಾಡೀದಿ, ಪಗಾರ ಇಲ್ದಂಗ."

ಆಮೇಲಿನದು ಎಲ್ಲರ ಮನೆಯಲ್ಲೂ ನಡೆಯುವಂಥದು. ನಿಕಾ ಆಯಿತು. ತೌಸೀಫ್ ಒಳ್ಳೆಯವನು, ಬಾಯಿ ಜೋರು ಮಾಡುವವನಲ್ಲ. ಅರ್ಚನಾಳಿಗೆ ಸರ್ಕಾರಿ ನೌಕರಿ ಸಿಕ್ಕಿತು, ಪೇಪರಿನಲ್ಲಿ ಫೋಟೋ ಬಂತು, ಕೋಚ್ ಆದಳು. ಮುಸರತ ತಾಯಿಯ ಮಾತನ್ನು ಕೇಳಿಸಿಕೊಂಡಳೇ ಹೊರತು ಒಪ್ಪಲಿಲ್ಲ. ಗುಲಫಶಾಳ ಕಾಲು ಪೆಡಲಿಗೆ ಎಟುಕಿದ ದಿನದಿಂದ ಅವಳನ್ನು ಅದೇ ದಾರಿಗೆ ಕರೆದೊಯ್ದಳು. ತಾನು ಮೊಪೆಡ್ಡಿನಲ್ಲಿ ಅವಳ ಹಿಂದೆ ಬಂದು, ತಲಿ ಬಗ್ಗಿಸು, ಮೊಣಕೈ ಒಳಗಿಡು, ಗಾಳಿ ಬಂತಂದ್ರ ಅಂಜಿ ಹಿಂದ ಸರೀಬ್ಯಾಡ ಎಂದು ಕೂಗುತ್ತ ತಯಾರು ಮಾಡಿದಳು. ಹುಡುಗಿ ತಾಯಿಗಿಂತ ಗಟ್ಟಿಯಾದಳು.

ಈಗ ಆ ಹುಡುಗಿ ಕಾಡಿನ ನೆರಳಲ್ಲಿ ಗುಂಪಿನ ನಡುವೆ ಆರಾಮಾಗಿ ಹೊಡೆಯುತ್ತಿದ್ದಳು. ಗುಂಪಿನಲ್ಲಿ ಅರ್ಚನಾಳ ಅಣ್ಣನ ಮಗಳು ಸಿಂಚನಾ ಕೂಡ ಇದ್ದಳು. ಅವಳ ಸೈಕಲ್ಲನ್ನು ಒಂದು ಬೆರಳಲ್ಲಿ ಎತ್ತಬಹುದು ಎಂದು ತೌಸೀಫ್ ಶುರುವಿನಲ್ಲೇ ನೋಡಿ ಬಂದು ಹೇಳಿದ್ದ. ಅರ್ಚನಾ ಎಲ್ಲರಿಗಿಂತ ಮುಂದೆ ಜೀಪಿನಲ್ಲಿ ಹಿಂದಕ್ಕೆ ಮುಖ ಮಾಡಿ ಕುಳಿತಿದ್ದಳು.

ಕಾಡು ಮುಗಿಯಿತು. ಕಣಿವೆಯ ಇಳಿಜಾರಿನಲ್ಲಿ ಗಾಳಿ ಬಡಿದದ್ದೇ ತಡ, ಇಡೀ ಗುಂಪು ಮುಗ್ಗರಿಸಿದಂತೆ ನಿಧಾನವಾಯಿತು. ಯಾರಿಗೂ ಮುಂದೆ ಹೋಗಲು ಮನಸ್ಸಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಗುಲಫಶಾ ತಲೆ ಬಗ್ಗಿಸಿ, ಮೊಣಕೈ ಒಳಗಿಟ್ಟು, ಯಾರೂ ಕೇಳದೆಯೇ ಮುಂದೆ ಹೋದಳು. ಸಿಂಚನಾ ಒಂದು ಗಳಿಗೆಯೂ ತಡಮಾಡದೆ ಅವಳ ಬೆನ್ನು ಹಿಡಿದಳು. ಅವಳ ಹಿಂದೆ ಹರಪನಹಳ್ಳಿ ಕಡೆಯ ಇಬ್ಬರು ಹುಡುಗಿಯರು ಅಂಟಿಕೊಂಡರು.

ತೌಸೀಫನಿಗೆ ಖುಷಿ ತಡೆಯಲಾಗಲಿಲ್ಲ. ನೋಡು, ಎಲ್ಲರಿಗಿಂತ ಮುಂದ ಅದಾಳ ನಿನ್ನ ಮಗಳು ಎಂದು ಹಾರ್ನು ಒತ್ತಿದ. ಮುಸರತ ಅವನ ಕೈ ತೆಗೆದು ಪಕ್ಕಕ್ಕಿಟ್ಟಳು. ಅವಳಿಗೆ ಮಗಳ ಮೇಲೆ ಸಿಟ್ಟು ನೆತ್ತಿಗೇರಿತ್ತು. ಯಾರು ಹೇಳಿದರು ಇವಳಿಗೆ ಮುಂದೆ ಹೋಗು ಅಂತ? ಹಿಂದೆ ಸರಿ, ಹಿಂದೆ ಸರಿ ಎಂದು ಗಾಜಿನ ಕಡೆ ಬಾಗಿ ಗೊಣಗಿದಳು. ಗಾಳಿಗೆದುರಾಗಿ ಅಷ್ಟು ದೂರ ಅದು ಯಾರಿಗೆ ಕೇಳಬೇಕು?

ಹಡಗಲಿ ಹತ್ತಿರವಾದಾಗ ಸಿಂಚನಾ ಜಿಗಿದಳು, ಆ ಇಬ್ಬರೂ ಜಿಗಿದರು. ಗುಲಫಶಾ ನಾಲ್ಕನೆಯವಳೂ ಆಗಲಿಲ್ಲ, ಕೊನೆಯ ಗಳಿಗೆಯಲ್ಲಿ ಇನ್ನೂ ಒಬ್ಬಳು ಅವಳನ್ನು ದಾಟಿದಳು. ಮೋಸವೇನೂ ನಡೆದಿರಲಿಲ್ಲ. ಸಿಂಚನಾ ರೇಸಿನ ನ್ಯಾಯದಂತೆಯೇ ಗೆದ್ದಿದ್ದಳು, ಸಂಕಟ ಅದೇ.

ಮರದ ಕೆಳಗೆ ಮಗಳ ಮುಖಕ್ಕೆ ನೀರು ಚಿಮುಕಿಸುತ್ತಿದ್ದ ಮುಸರತಳ ಹೆಗಲ ಮೇಲೆ ಕೈ ಬಿತ್ತು. ಅರ್ಚನಾ ತುಸು ದಪ್ಪಗಾಗಿದ್ದಳು, ನಗು ಮಾತ್ರ ಹಳೆಯದೇ. ಮನೆಯವರನ್ನೆಲ್ಲ ವಿಚಾರಿಸಿ, ಮಕ್ತುಂ ಸಾಬರನ್ನು ನೆನೆಸಿಕೊಂಡು, ಆಮೇಲೆ ದನಿ ತಗ್ಗಿಸಿದಳು.

"ಮೊದಲ ಮೂವರು ರೇಸಿನ ಮ್ಯಾಲೆ ಬಂದಾರ. ನಾಲ್ಕನೇದಾಕಿನ್ನ ಆರಿಸೋದು ನನ್ನ ಕೈಯಾಗೈತಿ. ನಿನ್ನ ಮಗಳನ್ನ ತಗೊಂಡೀನಿ. ನಿನ್ನ ಮುಯ್ಯಿ ನಾ ಮರ್ತಿಲ್ಲ ಮುಸರತ. ಇವತ್ತಿಗಿ ತೀರ್ತು ಅನ್ಕೋ."

ಮುಸರತಳ ಕಣ್ಣು ತುಂಬಿತು. ತಾಯಿ ಇದ್ದಿದ್ದರೆ ಈಗಲೇ ಕರೆತಂದು ತೋರಿಸುತ್ತಿದ್ದೆ ಅನ್ನಿಸಿತು. ಅರ್ಚನಾಳ ಕೈ ಹಿಡಿಯಲು ತನ್ನ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು.

"ಗಾಳ್ಯಾಗ ಭಾಳ ಚಲೋ ಹೊಡೀತಾಳ, ಥೇಟ್ ನಿನ್ನಂಗ" ಅಂದಳು ಅರ್ಚನಾ. "ನಮ್ಮ ಸಿಂಚನಾನ ಮುಂದ ಹೊಡಿಯಾಕ ಇಂಥಾಕಿನ ಬೇಕಾಗಿತ್ತು ನನಗ."

ಮುಸರತಳ ಕೈ ಸೆರಗಿನಲ್ಲೇ ಉಳಿಯಿತು. ಹಂಗಾರೆ ಇಕಿ ಗೆಲ್ಲೋದು ಯಾವಾಗ ಎಂದು ಕೇಳಿದಳು. ತಂಡ ಅಂದ ಮೇಲೆ ಒಬ್ಬರು ಗಾಳಿ ಒಡೆಯಲೇಬೇಕು, ಗೆದ್ದರೆ ಹೆಸರು ಎಲ್ಲರಿಗೂ ಬರುತ್ತದೆ, ಸರ್ಟಿಫಿಕೇಟು ಎಲ್ಲರಿಗೂ ಸಿಗುತ್ತದೆ ಎಂದು ಅರ್ಚನಾ ಸಣ್ಣ ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದಳು. ಅವಳ ಮುಖದಲ್ಲಿ ಕಪಟವಿರಲಿಲ್ಲ. ಹಳೆಯ ಬಾಕಿ ತೀರಿಸಿದವರ ಸಮಾಧಾನವಿತ್ತು. ಯಾರೋ ಕರೆದರೆಂದು ಅರ್ಚನಾ ಹೊರಟುಹೋದಳು. ಆ ಕಡೆ ಸಿಂಚನಾಳ ಕೊರಳಿಗೆ ಹಾರ ಹಾಕಿ ಫೋಟೋ ತೆಗೆಯುತ್ತಿದ್ದರು.

ವಾಪಸು ಬರುವಾಗ ಆಟೋದ ಹಿಂದೆ ಸೈಕಲ್ ಮಲಗಿಸಿ ತಾಯಿ ಮಗಳು ಅದರ ಪಕ್ಕ ಕುಳಿತರು. ಗಾಳಿ ಈಗ ಹಿಂದಿನಿಂದ ದಬ್ಬುತ್ತಿತ್ತು, ಆಟೋ ಹಗುರವಾಗಿ ಓಡುತ್ತಿತ್ತು. ತಂಡಕ್ಕೆ ಆರಿಸಿದ್ದಾರೆಂಬ ಖುಷಿಯಲ್ಲಿ ಗುಲಫಶಾ ಬಾಳೆಹಣ್ಣು ಸುಲಿಯುತ್ತಿದ್ದಳು. ಹೇಳಿದರೆ ಹುಡುಗಿಯ ಖುಷಿ ಹಾಳು, ಹೇಳದಿದ್ದರೆ ಬಾಳೇ ಹಾಳು. ಮುಸರತ ತೋಟಗಳು ಹಿಂದಾಗುವವರೆಗೆ ಒದ್ದಾಡಿ ಕೊನೆಗೆ ಹೇಳಿಯೇಬಿಟ್ಟಳು.

"ಹೋಗಬ್ಯಾಡ ಬೇಟಾ. ಅವ್ರು ನಿನ್ನ ಗೆಲ್ಲಾಕ ಕರ್ಕೊಂಡು ಹೊಂಟಿಲ್ಲ. ಆ ಹುಡುಗಿಗಿ ಗಾಳಿ ಒಡಿಯಾಕ ಹೊಂಟಾರ."

"ಗೊತ್ತೈತಿ ಅಮ್ಮಿ" ಅಂದಳು ಗುಲಫಶಾ. ಹಣ್ಣನ್ನು ಮುರಿದು ಅರ್ಧ ತಾಯಿಯ ಕಡೆ ಚಾಚಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ಕೇಳುವವಳಂತೆ ಕೇಳಿದಳು. "ಅದನ್ನ ಬಿಟ್ಟು ನೀ ನನಗ ಬ್ಯಾರೆ ಏನು ಕಲಿಸೀದಿ?"

ಮುಸರತ ಕೈಗೆ ಬಂದ ಹಣ್ಣನ್ನು ಊರು ಬರುವ ತನಕ ಹಾಗೇ ಹಿಡಿದುಕೊಂಡು ಕೂತಿದ್ದಳು.