ಅರವತ್ತೊಂದರಲ್ಲಿ ಅಲಿಫ್

ಗುಬ್ಬಿಯ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಕನ್ನಡ ಪಾಠ ಮಾಡಿದ ನಾನು, ಅಷ್ಟೂ ವರ್ಷ ಮಕ್ಕಳನ್ನು ಒಂದೇ ಮಾತಿನಲ್ಲಿ ಬೈದಿದ್ದೇನೆ: "ಅರ್ಥ ಗೊತ್ತಿಲ್ಲದೆ ಬಾಯಿಪಾಠ ಹೊಡೆಯೋನು ಮನುಷ್ಯನಲ್ಲ ಕಣ್ರೋ, ಟೇಪ್ ರೆಕಾರ್ಡರ್." ಹಳಗನ್ನಡದ ಒಂದು ಸಾಲನ್ನೂ ಬಿಡಿಸಿ ಹೇಳದೆ ಮುಂದಕ್ಕೆ ಹೋದವಳಲ್ಲ. ಅಂಥ ನಾನು ಪ್ರತಿದಿನ ಬೆಳಗ್ಗೆ ಸ್ಕೂಲಿಗೆ ಹೊರಡುವ ಮೊದಲು ಕುರ್‌ಆನಿನ ಎರಡು ಪುಟ ಓದುತ್ತಿದ್ದೆ. ಎಂಟನೇ ವಯಸ್ಸಿನಲ್ಲಿ ಕಲಿತ ಓದು. ಅಕ್ಷರ ಬರುತ್ತಿತ್ತು, ರಾಗ ಬರುತ್ತಿತ್ತು. ಅರ್ಥ ಮಾತ್ರ ಒಂದು ಪದದ್ದೂ ಬರುತ್ತಿರಲಿಲ್ಲ. ಇದು ನನಗೆ ಒಂದು ಸಲವೂ ಹೊಳೆಯಲಿಲ್ಲ ಎಂದರೆ ನೀವು ನಂಬಬೇಕು.

ಹೊಳೆಯಿಸಿದವರು ಗಂಗಾಧರಯ್ಯನವರು. ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ನಮ್ಮ ಪಕ್ಕದ ಮನೆ, ನಿವೃತ್ತ ಗಣಿತದ ಮೇಷ್ಟ್ರು, ಹಣೆಯ ವಿಭೂತಿ ಆರುವ ಮೊದಲೇ ಪೇಪರ್ ಕೇಳಿಕೊಂಡು ಬರುವವರು. ನಾನೂ ನಿವೃತ್ತಳಾದ ಮೇಲೆ ಒಂದು ದಿನ ಕಾಂಪೌಂಡಿನಾಚೆಯಿಂದ, ಯಾವ ಕುಹಕವೂ ಇಲ್ಲದೆ ಕೇಳಿದರು: "ಮೇಡಂ, ಬೆಳಗ್ಗೆ ಓದ್ತಿದ್ರಲ್ಲ, ಬಲು ಚೆನ್ನಾಗಿತ್ತು. ಏನು ಅದರ ಅರ್ಥ?"

"ದೇವರ ಸ್ತುತಿ," ಎಂದೆ.

"ನಿನ್ನೆ ಓದಿದ್ದು?"

"ಅದೂ ಸ್ತುತೀನೇ."

"ದಿನಾ ಅದೇನಾ?" ಎಂದರು ಗಣಿತದ ಮೇಷ್ಟ್ರು.

ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ! ಮೊದಲು ಅವರ ಮೇಲೆ ಬಂತು, ಒಳಗೆ ಹೋಗಿ ಕಾಫಿ ಬೆರೆಸುವಷ್ಟರಲ್ಲಿ ನನ್ನ ಮೇಲೆ ತಿರುಗಿತು. ಕಾಫಿಗೆ ಎರಡು ಸಲ ಸಕ್ಕರೆ ಹಾಕಿದೆ. ಆ ವಾರವೇ, ಅರವತ್ತೊಂದನೇ ವಯಸ್ಸಿನಲ್ಲಿ, ಮೊದಲಕ್ಷರ ಅಲಿಫ್‌ನಿಂದ ಮತ್ತೆ ಅರಬ್ಬಿ ಕಲಿಯಲು ಸೇರಿಕೊಂಡೆ.

ಸೇರಿಕೊಂಡೆ ಎಂದದ್ದೇ ತಡ, ಊರಿನವರೆಲ್ಲ ಒಂದೊಂದು ಬಗೆಯಲ್ಲಿ ನನ್ನನ್ನು ಕೆರಳಿಸತೊಡಗಿದರು. "ಈ ವಯಸ್ಸಲ್ಲಿ ಯಾಕೆ?" ಎಂದರು ಕೆಲವರು. ಬೇರೆ ಯಾವ ವಯಸ್ಸು ನನ್ನ ಬಳಿ ಇದೆ? "ಅಯ್ಯೋ, ನಿಮಗೆ ಅರಬ್ಬಿ ಬರಲ್ವಾ? ಅದು ನಿಮ್ಮ ಭಾಷೆ ಅಲ್ವಾ?" ಎಂದರು ಇನ್ನು ಕೆಲವರು. ಇವರೇ ಹೋದ ವರ್ಷದ ರಾಜ್ಯೋತ್ಸವದಲ್ಲಿ ನನ್ನ ಭಾಷಣ ಕೇಳಿ "ನಿಮ್ಮ ಕನ್ನಡ ಎಷ್ಟು ಚೆನ್ನಾಗಿದೆ" ಎಂದು ಆಶ್ಚರ್ಯಪಟ್ಟವರು. ಅವರ ಮಕ್ಕಳಿಗೆ ಷಟ್ಪದಿಯ ಲಕ್ಷಣ ಹೇಳಿಕೊಟ್ಟವಳು ನಾನು! ಬಾರದ ಭಾಷೆಯನ್ನು ನನ್ನ ಹೆಸರಿಗೆ ಬರೆದು, ಬರುವ ಭಾಷೆಯಲ್ಲಿ ನನ್ನನ್ನು ನೆಂಟಳಾಗಿಸುವ ಈ ಲೆಕ್ಕ ಯಾವ ಗಣಿತದ ಮೇಷ್ಟ್ರಿಗೂ ಅರ್ಥವಾಗಲಾರದು.

ಕ್ಲಾಸು ತುಮಕೂರಿನ ಪೇಟೆಯಲ್ಲಿ, ಒಂದು ಟೈಲರ್ ಅಂಗಡಿಯ ಮಹಡಿ ಮೇಲೆ, ಶನಿವಾರ ಮತ್ತು ಭಾನುವಾರ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ನೋಡಿದರೆ ಬೋರ್ಡಿನ ಮುಂದೆ ನಿಂತವಳು ಸಫಿಯಾ. ಗುಬ್ಬಿಯಲ್ಲಿ ನನ್ನ ವಿದ್ಯಾರ್ಥಿನಿ. ವಾರವೆಲ್ಲ ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಈ ಹುಡುಗಿ ಅರಬ್ಬಿಯಲ್ಲಿ ದೊಡ್ಡ ಪರೀಕ್ಷೆಗಳನ್ನೇ ಪಾಸು ಮಾಡಿದ್ದಾಳಂತೆ. ಏಳನೇ ಕ್ಲಾಸು ಮುಗಿಸಿ ನನ್ನ ಬಳಿ ಬಂದಾಗ ಇವಳ ಬಾಯಲ್ಲಿ 'ಳ' ಹೊರಡುತ್ತಿರಲಿಲ್ಲ. 'ಬಾಲೆಹಣ್ಣು' ಅನ್ನುತ್ತಿದ್ದಳು. ಬೆಂಚಿನ ಮೇಲೆ ನಿಲ್ಲಿಸಿ ಇಪ್ಪತ್ತು ಸಲ ಬಾಳೆಹಣ್ಣು ಹೇಳಿಸಿದ್ದೆ.

"ಬನ್ನಿ ಮೇಡಂ," ಎಂದು ತನ್ನ ಕುರ್ಚಿ ಕೊಟ್ಟಳು. ಆಮೇಲೆ ನನ್ನ ಬಾಯಿ ತೆರೆಸಿದಳು.

"'ಹ' ಅನ್ನಿ ಮೇಡಂ."

"ಹ."

"ಅದಲ್ಲ, 'ಹ'."

"ನಾನೂ ಅದನ್ನೇ ಅಂದೆನಲ್ಲಮ್ಮ!"

"ನೀವು ಅಂದಿದ್ದು ಎದೆಯಿಂದ ಬಂತು. ಇದು ಗಂಟಲ ಮಧ್ಯದಿಂದ ಬರ್ಬೇಕು. ಬಿಸಿ ಟೀ ಕುಡಿದು ನಾಲಿಗೆ ಸುಟ್ಕೊಂಡಂಗೆ. ಇನ್ನೊಂದ್ಸಲ."

ಇಪ್ಪತ್ತು ಸಲ ಆಯಿತು. ಅವಳು ಎಣಿಸಲಿಲ್ಲ, ನಾನು ಎಣಿಸಿದೆ. ಪಕ್ಕದಲ್ಲಿ ಕೂತ ಕಾಲೇಜು ಹುಡುಗಿಯರು ತುಟಿ ಕಚ್ಚಿಕೊಂಡು ನಗು ತಡೆದರು. ನಾನು ಬೆಂಚಿನ ಮೇಲೆ ನಿಲ್ಲಿಸಿದಾಗ ಸಫಿಯಾಳ ಪಕ್ಕದವರು ಇಷ್ಟೂ ತಡೆದಿರಲಿಲ್ಲ ಎಂಬುದು ಆಗ ನೆನಪಾಯಿತು.

ಉಚ್ಚಾರದ ಅವಮಾನವನ್ನು ಸಹಿಸಿಕೊಂಡರೆ ವ್ಯಾಕರಣದ ಅನ್ಯಾಯ ಕಾದಿತ್ತು. ಒಂದು, ಅನೇಕ ಎಂದು ಕನ್ನಡ ಸುಖವಾಗಿದೆ. ಅರಬ್ಬಿಗೆ ಅದು ಸಾಲದು, ಇಬ್ಬರಿಗೇ ಬೇರೆ ವಚನ. ಹೋಗಲಿ, ಸಂಸ್ಕೃತದಲ್ಲೂ ಉಂಟು ಎಂದು ಒಪ್ಪಿಕೊಂಡೆ. ಆದರೆ ಮೂವರು ಗಂಡಸರನ್ನು ಎಣಿಸುವಾಗ 'ಮೂರು' ಎಂಬ ಪದ ಹೆಣ್ಣುರೂಪ ತಾಳಬೇಕು, ಮೂವರು ಹೆಂಗಸರಾದರೆ ಗಂಡುರೂಪ! ಪುಸ್ತಕ ಒಂದಿದ್ದರೆ ಗಂಡು, ಹತ್ತಿದ್ದರೆ ಹತ್ತೂ ಸೇರಿ ಒಬ್ಬಳು ಹೆಂಗಸು! "ಇದಕ್ಕೆ ಕಾರಣ ಏನು?" ಎಂದು ಮೇಜು ಕುಟ್ಟಿದೆ. "ಮೇಡಂ, ಕೇಶಿರಾಜನ ಸೂತ್ರಕ್ಕೆ ಕಾರಣ ಕೇಳ್ದಾಗ ನೀವು ಏನಂದ್ರಿ?" ಎಂದಳು ಸಫಿಯಾ. "ಮೊದಲು ಬರ್ಕೊ ಅಂದ್ರಿ." ಬರೆದುಕೊಂಡೆ.

ನಡುನಡುವೆ ಸಣ್ಣ ಸುಖಗಳೂ ಇದ್ದವು. ಹಕ್ಕು, ಹುಕುಂ, ವಕೀಲ, ಹಾಜರಿ, ಅಸಲು, ಕಸುಬು ಇವೆಲ್ಲ ಹೊಸ ಪಾಠಗಳಲ್ಲಿ ಸ್ವಲ್ಪ ಬೇರೆ ಬಟ್ಟೆ ತೊಟ್ಟು ಎದುರಾದವು. ಗುಬ್ಬಿ ತಾಲ್ಲೂಕು ಕಚೇರಿಗೆ ಅರ್ಜಿ ಹಿಡಿದು ಅಲೆದ ದಿನಗಳಲ್ಲಿ ನಾನು ಮಾತಾಡಿದ್ದರಲ್ಲಿ ಕಾಲು ಭಾಗ ಅರಬ್ಬಿಯೇ. ಇದನ್ನು ಗಂಗಾಧರಯ್ಯನವರಿಗೆ ಹೇಳಿದಾಗ, "ಹಂಗಾದ್ರೆ ನಂಗೂ ಅರಬ್ಬಿ ಬರುತ್ತೆ ಬಿಡಿ" ಎಂದು ಬೀಗಿದರು.

ಕಲಿತವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ, ಕಲಿಯದವರನ್ನು ತಿದ್ದುವ ಕಾಯಿಲೆ. ನನಗೆ ಅದು ನಾಲ್ಕೇ ತಿಂಗಳಲ್ಲಿ ಬಂತು.

ನನ್ನ ತಾಯಿ ಕುಣಿಗಲ್ಲಿನಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಎಂಬತ್ನಾಲ್ಕು ವರ್ಷ. ಶಾಲೆ ಕಂಡವಳಲ್ಲ, ಕನ್ನಡ ಓದಲು ಬಾರದು. ಅವಳ ಅಪ್ಪ ಹೇಳಿಕೊಟ್ಟ ಕುರ್‌ಆನ್ ಓದೊಂದೇ ಅವಳ ವಿದ್ಯೆ. ಮನೆಯಲ್ಲಿ ನಾವು ಆಡುವುದು ಉರ್ದು. ಅಮ್ಮಿಗೆ ಸಿಟ್ಟು ಬಂದಾಗ ಮಾತ್ರ ಕುಣಿಗಲ್ ಸಂತೆಯ ಕನ್ನಡಕ್ಕೆ ಇಳಿಯುತ್ತಾಳೆ. ಆ ದಿನ ಅವಳು ಓದುತ್ತಿದ್ದಳು. ಒಂದು ಭಾಗಕ್ಕೆ ಬಂದಾಗ ಯಾವಾಗಲೂ ಅವಳ ಧ್ವನಿ ಕಟ್ಟುತ್ತದೆ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾಳೆ. ಚಿಕ್ಕಂದಿನಿಂದ ನೋಡಿದ್ದೇನೆ. ಅವಳು ಕಣ್ಣೊರೆಸುತ್ತಿರುವಾಗಲೇ ನಾನು, "ಅಮ್ಮಿ, ಅಲ್ಲಿ 'ಖ' ಅಲ್ಲ, ಗಂಟಲಾಳದ 'ಕ'" ಎಂದೆ. ಸಾಲದು ಎಂದು, "ಅರ್ಥ ಗೊತ್ತಾ ನಿನಗೆ?" ಎಂದೂ ಕೇಳಿದೆ.

ಅಮ್ಮಿ ನನ್ನನ್ನು ಒಮ್ಮೆ ನೋಡಿ ಪುಸ್ತಕ ಮುಚ್ಚಿದಳು.

ಮುಂದಿನ ಸಲ ಹೋದಾಗಲೂ ಪುಸ್ತಕ ಮುಚ್ಚಿಯೇ ಇತ್ತು. ಅದರ ಮುಂದಿನ ಸಲವೂ. ತಮ್ಮನ ಹೆಂಡತಿ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು, "ನೀವು ಬರೋ ದಿನ ಅಮ್ಮಿ ಓದಲ್ಲ ಅಕ್ಕ. ತಪ್ಪಾಗುತ್ತೆ, ಮೇಡಂ ಬರ್ತಾರೆ ಅಂತಾರೆ."

ಎಪ್ಪತ್ತು ವರ್ಷ ನಿಲ್ಲದ ಓದನ್ನು ನಾಲ್ಕು ತಿಂಗಳ ವಿದ್ಯೆ ನಿಲ್ಲಿಸಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ನನ್ನನ್ನು ನಾನೇ ಬೈದುಕೊಂಡಷ್ಟು ಯಾವ ಮಗುವನ್ನೂ ಬೈದಿರಲಿಲ್ಲ.

ಅಮ್ಮಿ ಅಳುವ ಆ ಭಾಗ ಯಾವುದೆಂದು ನನಗೆ ಗೊತ್ತಿತ್ತು. ಸಫಿಯಾಳ ಮುಂದೆ ಇಟ್ಟೆ. ಇಬ್ಬರೂ ಪದ ಪದ ಬಿಡಿಸಿದೆವು. ಸ್ವರ್ಗವೋ ನರಕವೋ ಅಗಲಿಕೆಯೋ ಎಂದು ಕಾಯುತ್ತಿದ್ದ ನನಗೆ ದೊರೆತದ್ದು ಕೈಕಾಲು ತೊಳೆಯುವ ನಿಯಮ! ನಮಾಜಿಗೆ ಮೊದಲು ಮುಖ ತೊಳೆ, ಕೈ ತೊಳೆ. ಕಾಯಿಲೆಯಾಗಿದ್ದರೆ, ಪ್ರಯಾಣದಲ್ಲಿದ್ದು ನೀರು ಸಿಗದಿದ್ದರೆ ಶುದ್ಧ ಮಣ್ಣು ಮುಟ್ಟಿ ಸವರಿಕೋ, ಸಾಕು. ನನ್ನ ತಾಯಿ ಎಪ್ಪತ್ತು ವರ್ಷ ಅತ್ತದ್ದು ಇದಕ್ಕೆ.

"ಇದನ್ನ ಅವಳಿಗೆ ಹೇಗೆ ಹೇಳ್ಲಿ?" ಎಂದೆ.

"ಹೇಳ್ಬೇಡಿ ಮೇಡಂ," ಎಂದಳು ಸಫಿಯಾ. "ಅಳೋರ ಹತ್ರ ವ್ಯಾಕರಣ ಮಾತಾಡ್ತಾರಾ?"

ಹೇಳಬಾರದೆಂದೇ ಕುಣಿಗಲ್ಲಿಗೆ ಹೋದೆ. ಅಮ್ಮಿ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕ ಕೂತು ನಾನೂ ಸುಲಿಯತೊಡಗಿದೆ. "ನನ್ನದು ತಪ್ಪಾಯ್ತು ಅಮ್ಮಿ. ನೀನು ಓದು. ನಾನು ಬಾಯಿ ತೆರೆಯಲ್ಲ," ಎಂದೆ.

ಅಮ್ಮಿ ಮೊರವನ್ನು ಪಕ್ಕಕ್ಕೆ ತಳ್ಳಿದಳು. ಬಂದದ್ದು ಕನ್ನಡ.

"ಯಾಕೆ ತೆಗಿಯಲ್ಲ? ಗುಬ್ಬಿ ಮಕ್ಕಳಿಗೆಲ್ಲ ಮೂವತ್ತು ವರ್ಷ ಅರ್ಥ ಹೇಳ್ದೆ. ಕುಣಿಗಲ್‌ನಾಗೆ ನಾನು ಒಬ್ಳು ಕೂತಿರ್ನಿಲ್ವೇನೇ? ಅರ್ಥ ಗೊತ್ತಾ ಅಂತ ಕೇಳ್ದಲ್ಲ, ಗೊತ್ತಿಲ್ಲ ಕಣೇ! ಯಾರು ಹೇಳವ್ರೆ ನಂಗೆ? ಕೇಳ್ಬುಟ್ಟು ಹೊಂಟೋದೆ. ನಾಕು ಸಲ ಬಂದೆ, ಒಂದು ಸಲಾನಾದ್ರೂ ಹೇಳ್ದಾ?"

ಅವಳು ಪುಸ್ತಕ ಮುಚ್ಚಿದ್ದು ಅವಮಾನಕ್ಕಲ್ಲ ಎನ್ನಲಾರೆ. ಆದರೆ ಅವಮಾನಕ್ಕಿಂತ ದೊಡ್ಡದೊಂದು ಸಿಟ್ಟು ಅಲ್ಲಿತ್ತು. ಅದು ನ್ಯಾಯವಾದ ಸಿಟ್ಟು. ಮಾರುಕಟ್ಟೆಯಲ್ಲಿ ಕನ್ನಡ ಅನುವಾದ ಸಿಗುತ್ತದೆ, ನನಗೆ ಕನ್ನಡ ಬರುತ್ತದೆ, ಅಮ್ಮಿಗೆ ಕಿವಿ ಕೇಳುತ್ತದೆ. ಇಷ್ಟು ವರ್ಷ ಈ ಮೂರನ್ನು ಒಂದು ಕಡೆ ಕೂಡಿಸಲು ನನಗೆ ಏನು ಅಡ್ಡಿ ಬಂದಿತ್ತು?

ಹೇಳಿದೆ. ಅರ್ಥವನ್ನು ಪದ ಪದವಾಗಿ, ಉರ್ದುವಿನಲ್ಲಿ. ಮುಖ, ಕೈ, ಕಾಯಿಲೆ, ಪ್ರಯಾಣ, ನೀರು, ಮಣ್ಣು. ಹೇಳುತ್ತಾ ಅವಳ ಮುಖವನ್ನು ನೋಡಲು ಹೆದರಿ ಅವರೆಕಾಯನ್ನೇ ನೋಡುತ್ತಿದ್ದೆ.

ಅಮ್ಮಿ ಮೊರವನ್ನು ಮತ್ತೆ ಹತ್ತಿರ ಎಳೆದುಕೊಂಡಳು. ಆಮೇಲೆ ಮೆತ್ತಗೆ, ಸಿಟ್ಟು ಇಳಿದರೂ ಕನ್ನಡದಲ್ಲೇ, ಕೇಳಿದಳು, "ಕಾಯಿಲೆ ಬಿದ್ದೋನಿಗೆ ಮಣ್ಣೇ ಸಾಕು ಅಂತ ಐತಾ? ಇದ್ರಾಗೇ ಐತಾ?"

"ಇದೆ."

"ನಂಗೆ ಓದು ಕಲಿಸಿದ ನಮ್ಮಬ್ಬಾ ಮಲಗಿಬಿಟ್ಟಾಗ, ಕೈಗೆ ನೀರು ಸೋಕಿದ್ರೆ ನಡುಗೋರು. ತಲೆ ಹತ್ರ ಒಂದು ಇಟ್ಟಿಗೆ ಇಟ್ಟಿದ್ವಿ. ಹೊತ್ತು ಹೊತ್ತಿಗೆ ಅದನ್ನ ಎತ್ತಿ ಅವರ ಕೈಗೆ ಮುಟ್ಟಿಸ್ತಿದ್ದೋಳು ನಾನೇ. ಓದ್ತಾ ಓದ್ತಾ ಈ ಸಾಲಿಗೆ ಬಂದಾಗ ಅವರ ಗಂಟಲು ಕಟ್ಟೋದು. ಅದ್ಕೇ ನಂಗೂ ಕಟ್ಟೋದು. ಯಾಕೆ ಅಂತ ಅವರು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. "ಅಷ್ಟು ಸಲೀಸು ಮಾಡವ್ನೆ ನೋಡು, ಏಳಕ್ಕಾಗ್ದೋರಿಗೆ."

ಕೈ ತೊಳೆಯುವ ನಿಯಮದಲ್ಲಿ ಅಳುವುದಕ್ಕೆ ಏನಿದೆ ಎಂದು ನಿಘಂಟು ಹಿಡಿದು ಹುಡುಕಿದ್ದವಳು ನಾನು.

ನಾನೂ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅಮ್ಮಿ ಪುಸ್ತಕ ತಂದು ತೊಡೆಯ ಮೇಲಿಟ್ಟುಕೊಂಡಿದ್ದಳು. ಮುಂದಿನ ಸಾಲು ಗಟ್ಟಿಯಾಗಿ ಓದಿ, "ಇದು?" ಎಂದಳು.

"ಅದು ಇನ್ನೂ ನನಗೆ ಪಾಠ ಆಗಿಲ್ಲ. ಮುಂದಿನ ವಾರ ಹೇಳ್ತೀನಿ."

"ಮುಂದಿನ ವಾರ? ನಂಗೇನು ಇಪ್ಪತ್ತು ವರ್ಸಾನಾ? ನಿಂಗೆ ಹೇಳ್ಕೊಡ್ತಾಳಲ್ಲ, ಆ ಹುಡುಗೀಗೆ ಫೋನ್ ಹಾಕು."

ಹಾಕಿದೆ. ಈಗ ಭಾನುವಾರ ಸಂಜೆ ಸಫಿಯಾ ಫೋನಿನಲ್ಲಿ ನಮ್ಮಿಬ್ಬರಿಗೂ ಪಾಠ ಹೇಳುತ್ತಾಳೆ. ಮೂವರು ಹೆಂಗಸರಿಗೆ ಗಂಡುರೂಪದ 'ಮೂರು' ಯಾಕೆ ಎಂದು ಅಮ್ಮಿ ಕೇಳಿದಾಗ, ಸಫಿಯಾ ಅವಳಿಗೆ "ಮೊದಲು ಬರ್ಕೊಳ್ಳಿ" ಎನ್ನಲು ಧೈರ್ಯ ಮಾಡಲಿಲ್ಲ. "ಗೊತ್ತಿಲ್ಲ ಅಮ್ಮಿ, ನೋಡಿ ಹೇಳ್ತೀನಿ" ಎಂದಳು. ಮೇಷ್ಟ್ರುಗಳ ಬಾಯಿಂದ ಈ ಮಾತು ಹೊರಡಿಸಲು ಎಂಬತ್ನಾಲ್ಕು ವರ್ಷದ ಶಿಷ್ಯೆಯೇ ಬೇಕಾಯಿತು.