ರೊವೀನಾ ಎರಡನೇ ಭಾಗಕ್ಕೇ ಕೂತಳು

ಕೆಂಟಕಿಯ ಬೆಟ್ಟಗಳ ನಡುವಿನ ನಮ್ಮ ಹೈಸ್ಕೂಲಿನಲ್ಲಿ ಕ್ಯಾಲ್ಕುಲಸ್ ಕಲಿಸುವವರು ಯಾರೂ ಇರಲಿಲ್ಲ. ನಾನು ಅಲ್ಲಿನ ಲೈಬ್ರರಿಯವಳು. ಪೆಟ್ರೋಲ್ ಬಂಕಿನ ಅಡುಗೆಮನೆಯಲ್ಲಿ ಬಿಸ್ಕೆಟ್ ಬೇಯಿಸುವ ಓಪಲ್‌ಳ ಮಗಳು ರೊವೀನಾ ಸ್ಟಿಡಮ್ ನನ್ನಿಂದ ಹಳೇ ಕ್ಯಾಲ್ಕುಲಸ್ ಪುಸ್ತಕವೊಂದನ್ನು ಒಯ್ದು, ವರ್ಷವಿಡೀ ಒಬ್ಬಳೇ ಲೆಕ್ಕ ಮಾಡಿದಳು. ಕಾಲೇಜು ಮಟ್ಟದ ಪರೀಕ್ಷೆಯನ್ನು ಸ್ಕೂಲಿನಲ್ಲೇ ಬರೆದು ಒಳ್ಳೆಯ ಅಂಕ ತೆಗೆದರೆ ಯೂನಿವರ್ಸಿಟಿ ಕ್ರೆಡಿಟ್ ಕೊಡುತ್ತದೆ, ಆ ಪಾಠ ಮತ್ತೆ ಓದಬೇಕಿಲ್ಲ. ಅವಳಿಗೆ ಅದು ಬೇಕಿತ್ತು.

ಸ್ಕೂಲಿನ ಸಲಹೆಗಾರ ಹೆನ್ಸ್ಲಿ ಆಗಲ್ಲವೆಂದು ತಲೆಯಾಡಿಸಿದರು. “ಒಬ್ಬಳಿಗೋಸ್ಕರ ಪರೀಕ್ಷೆ ತರಿಸೋಕಾಗಲ್ಲಮ್ಮ.”

“ಫುಟ್‌ಬಾಲ್ ತಂಡಕ್ಕೆ ಬಸ್ ತರಿಸ್ತೀರಲ್ಲ ಸರ್. ಅವರು ಈ ವರ್ಷ ಒಂದು ಆಟನೂ ಗೆದ್ದಿಲ್ಲ.”

ಪರೀಕ್ಷೆಯಂತೂ ಬರಲಿಲ್ಲ. ಮೇ ತಿಂಗಳಲ್ಲಿ ಓಪಲ್ ಕೆಲಸಕ್ಕೆ ರಜೆ ಹಾಕಿ, ಎರಡು ಗಂಟೆ ಗಾಡಿ ಓಡಿಸಿ ಮಗಳನ್ನು ಬೇರೆ ಊರಿನ ಸ್ಕೂಲಿಗೆ ಕರೆದೊಯ್ದಳು. ಐದಕ್ಕೆ ನಾಲ್ಕು ಬಂತು.

ಯೂನಿವರ್ಸಿಟಿಯಲ್ಲಿ ಕೋರ್ಸು ಆರಿಸಿಕೊಡುವ ಮಹಾಶಯ ಅವಳ ಕಾಗದವನ್ನು ತಿರುವಿ ಹಾಕಿದ. “ಕ್ರೆಡಿಟ್ ಏನೋ ಸಿಗುತ್ತೆ. ಆದ್ರೂ ಕ್ಯಾಲ್ಕುಲಸ್ ಮೊದಲನೇ ಭಾಗ ಇಲ್ಲಿ ಇನ್ನೊಂದ್ಸಲ ಓದು. ನಿಮ್ಮ ಸ್ಕೂಲಲ್ಲಿ ಆ ಕ್ಲಾಸೇ ಇಲ್ವಲ್ಲ.”

“ನಿಮ್ಮ ನಿಯಮ ಅಂಕ ಕೇಳುತ್ತೆ, ನಮ್ಮೂರಿನ ಹೆಸರು ಕೇಳಲ್ಲ. ಎರಡನೇ ಭಾಗಕ್ಕೆ ಬರ್ಕೊಳ್ಳಿ ಸರ್.”

“ಫೇಲಾದ್ರೆ?”

“ಫೇಲಾಗೋಳು ನಾನು ತಾನೆ.”

ಎರಡನೇ ಭಾಗದ ಮೊದಲ ಪರೀಕ್ಷೆಯಲ್ಲಿ ನೂರಕ್ಕೆ ಐವತ್ತೊಂದು ಬಂತು; ಅಲ್ಲಿ ಅದು ಫೇಲು. ಅಂದು ಅವಳು ತಾಯಿಗೆ ಫೋನ್ ಮಾಡಿ ಅತ್ತಳಂತೆ. ಓಪಲ್ ಹೇಳಿದ್ದಿಷ್ಟೇ: “ಅತ್ತು ಮುಗೀತಾ? ಹಾಗಾದ್ರೆ ಮೇಷ್ಟ್ರನ್ನ ಹುಡುಕ್ಕೊಂಡು ಹೋಗು.” ಆಮೇಲೆ ಪ್ರತಿ ಮಂಗಳವಾರ ಪ್ರೊಫೆಸರರ ಬಾಗಿಲಲ್ಲಿ ಮೊದಲು ಕಾಣುತ್ತಿದ್ದದ್ದು ಅವಳೇ. ಕೊನೆಗೆ ಬಿ ಮೈನಸ್ ಬಂತು, ಆರಾಮಾಗಿ ಪಾಸು. ಆ ಅಂಕಪಟ್ಟಿಯನ್ನು ಸಲಹೆ ಕೊಟ್ಟವನ ಮೇಜಿನ ಮೇಲಿಟ್ಟು ಬಂದಳು.

ಈಗ ಅವಳು ನಮ್ಮ ಜಿಲ್ಲೆಯ ಸೇತುವೆಗಳನ್ನು ಪರೀಕ್ಷಿಸುವ ಎಂಜಿನಿಯರ್. ಕಳೆದ ಶರತ್ಕಾಲದಲ್ಲಿ ಶಾಲಾ ಮಂಡಳಿಯ ಸಭೆಗೆ ಕೆಸರು ಬೂಟಿನಲ್ಲೇ ಬಂದು, ಆ ಕ್ಯಾಲ್ಕುಲಸ್ ಪರೀಕ್ಷೆಯನ್ನು ನಮ್ಮ ಸ್ಕೂಲಿನಲ್ಲೇ ನಡೆಸಿ ಎಂದಳು. “ಎಷ್ಟು ಮಕ್ಕಳು ಬರೀತಾರೆ?” ಎಂದರು ಅಧ್ಯಕ್ಷರು.

“ಒಬ್ಬರೇ ಬರೆದ್ರೂ ತರಿಸಿ. ನೀವು ಹ್ಞೂಂ ಅನ್ನೋವರೆಗೂ ನಾನು ಕೂರೋ ಕುರ್ಚಿ ಯಾವ್ದು ಹೇಳಿ.”

ಮೂರು ಸಭೆ ಕೂತಳು. ಈ ಮೇ ತಿಂಗಳು ನನ್ನ ಲೈಬ್ರರಿಯಲ್ಲಿ ನಾಲ್ಕು ಮಕ್ಕಳು ಪರೀಕ್ಷೆ ಬರೆದರು.